ವಿದ್ಯಾನಗರದ ಮಹಡಿ ಮೇಲಿನ ಮೇಷ್ಟ್ರು: ಎಂಬಿಎ ಸೀಟಿನ ಸಲಹೆಗೆ 800 ರೂಪಾಯಿ

ನನ್ನದು ದಾವಣಗೆರೆಯ ಹದಡಿ ರಸ್ತೆಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಬೋರ್‌ವೆಲ್ ಮೋಟಾರು, ಪಂಪ್‌ಸೆಟ್ಟು, ಸ್ಟಾರ್ಟರು, ಎಲ್ಲದರ ರಿಪೇರಿ ಮಾಡುತ್ತೇನೆ. ಎಂಬಿಎ ಬಗ್ಗೆ ಬರೆಯುವ ಓದು ನನ್ನದಲ್ಲ, ಐಟಿಐ ಮುಗಿಸಿದವನು. ಆದರೆ ಕಳೆದ ವರ್ಷ, ಅಂದರೆ 2025ರ ಏಪ್ರಿಲ್‌ನಲ್ಲಿ, ನನ್ನ ತಂಗಿಗೆ ಎರಡು ಕಡೆಯಿಂದ ಸೀಟು ಬಂತು. ಒಂದು ಕಡೆ ಸ್ಕಾಲರ್‌ಶಿಪ್, ಇನ್ನೊಂದು ಕಡೆ ದೊಡ್ಡ ರ‍್ಯಾಂಕು. ಯಾವುದು ಅಂತ ತೀರ್ಮಾನ ಮಾಡಲು ನಾವು ಇಲ್ಲಿನ ಇಬ್ಬರ ಹತ್ತಿರ ಸಲಹೆ ಕೇಳಿದೆವು. ಒಂದು ಬಿಟ್ಟಿ ಸಲಹೆ, ಇನ್ನೊಂದಕ್ಕೆ 800 ರೂಪಾಯಿ ಕೊಟ್ಟೆವು. ಎರಡನೆಯದರ, ಅಂದರೆ ವಿದ್ಯಾನಗರದ ಒಬ್ಬ ನಿವೃತ್ತ ಮೇಷ್ಟ್ರ ಸಲಹೆಯ ಬಗ್ಗೆ ಈ ವಿಮರ್ಶೆ. ನಮ್ಮ ಹಾಗೆ ಒದ್ದಾಡುವ ಮನೆಗಳು ಈ ಜಿಲ್ಲೆಯಲ್ಲಿ ತುಂಬ ಇವೆ, ಅವರಿಗೆ ಉಪಯೋಗವಾಗಲಿ ಅಂತ ವಿವರವಾಗಿಯೇ ಬರೆಯುತ್ತಿದ್ದೇನೆ.

ಮೊದಲು ನಮ್ಮ ಪರಿಸ್ಥಿತಿ ಹೇಳುತ್ತೇನೆ. ಅಪ್ಪ ಅವ್ವ ಜಗಳೂರು ತಾಲ್ಲೂಕಿನ ಊರಲ್ಲಿ ಇದ್ದಾರೆ. ಮೆಕ್ಕೆಜೋಳ ಬೆಳೆಯುತ್ತಾರೆ, ಮಳೆ ಆದರೆ ಆಯಿತು, ಇಲ್ಲದಿದ್ದರೆ ಇಲ್ಲ. ತಂಗಿ ಇಲ್ಲೇ ದಾವಣಗೆರೆಯಲ್ಲಿ ಬಿಕಾಂ ಮಾಡಿ, ಒಬ್ಬ ಆಡಿಟರ್ ಆಫೀಸಿನಲ್ಲಿ ಒಂದೂವರೆ ವರ್ಷ ಕೆಲಸ ಮಾಡಿದಳು. ಬೆಳಿಗ್ಗೆ ಐದಕ್ಕೆ ಎದ್ದು ಓದಿ 2024ರ ನವೆಂಬರ್ 24ರಂದು ಕ್ಯಾಟ್, ಅಂದರೆ ಎಂಬಿಎ ಪ್ರವೇಶ ಪರೀಕ್ಷೆ, ಬರೆದಳು. 87 ಪರ್ಸೆಂಟೈಲ್ ಬಂತು, ಅಂದರೆ ಬರೆದ ನೂರರಲ್ಲಿ 87 ಜನರಿಗಿಂತ ಮುಂದೆ. ಕೇಂದ್ರ ಸರ್ಕಾರದ ದೊಡ್ಡ ಮ್ಯಾನೇಜ್‌ಮೆಂಟ್ ಸಂಸ್ಥೆಗಳಾದ ಐಐಎಂಗಳಲ್ಲಿ ಸಿಗುವಷ್ಟಲ್ಲ, ಆದರೆ ಒಳ್ಳೆ ಕಡೆ ಬಾಗಿಲು ತೆರೆಯುವಷ್ಟು. ನಮ್ಮ ಮನೆಯಲ್ಲಿ ಅಷ್ಟು ದೂರ ಹೋದವಳು ಅವಳೇ ಮೊದಲು.

ಬಂದ ಸೀಟುಗಳು ಹೀಗಿದ್ದವು. ಬೆಂಗಳೂರಿನ ಒಂದು ಸಂಸ್ಥೆ, ಎನ್‌ಐಆರ್‌ಎಫ್ ಮ್ಯಾನೇಜ್‌ಮೆಂಟ್ ಪಟ್ಟಿಯಲ್ಲಿ (ಕಾಲೇಜುಗಳಿಗೆ ಕೇಂದ್ರ ಸರ್ಕಾರ ಕೊಡುವ ರ‍್ಯಾಂಕ್ ಪಟ್ಟಿ) ಮೊದಲ ಐವತ್ತರ ಒಳಗೆ ಇದೆ. ಎರಡು ವರ್ಷಕ್ಕೆ ಬೋಧನಾ ಶುಲ್ಕ 14.5 ಲಕ್ಷ, ಹಾಸ್ಟೆಲ್ಲು ಊಟ 3.2 ಲಕ್ಷ. ಒಟ್ಟು 17.7 ಲಕ್ಷ. ಇನ್ನೊಂದು ಬೇರೆ ಊರಿನ ಸಂಸ್ಥೆ, ಅದೇ ಪಟ್ಟಿಯಲ್ಲಿ ನೂರರ ಆಚೆ. ಬೋಧನಾ ಶುಲ್ಕ 9.6 ಲಕ್ಷ, ಇತರೆ ಶುಲ್ಕ 60 ಸಾವಿರ, ಹಾಸ್ಟೆಲ್ಲು 2.4 ಲಕ್ಷ. ಅವರು ಬೋಧನಾ ಶುಲ್ಕದಲ್ಲಿ 60 ಪರ್ಸೆಂಟ್ ಸ್ಕಾಲರ್‌ಶಿಪ್ ಕೊಡುತ್ತೇವೆ ಅಂದರು. ಹಾಗಾದರೆ ಒಟ್ಟು 6.84 ಲಕ್ಷ. ಎರಡರ ನಡುವೆ ಹತ್ತಿರ ಹತ್ತಿರ 11 ಲಕ್ಷದ ವ್ಯತ್ಯಾಸ. ನನ್ನಂಥವನಿಗೆ ಅದು ಸಣ್ಣ ಮೊತ್ತವಲ್ಲ. ಶಾಮನೂರು ಕಡೆ ನಾನು ತಗೊಂಡ 30x40 ಅಡಿ ಸೈಟು ನೆನಪಾಯಿತು. ಅದನ್ನೇ ಅಡ ಇಡಬೇಕಾಗುತ್ತದೆ ಅಂತ ಮೊದಲ ದಿನವೇ ಮನಸ್ಸಿಗೆ ಬಂತು.

ಮೊದಲು ಹೋದದ್ದು ಪಿ.ಬಿ. ರಸ್ತೆಯ ಒಂದು ಸಲಹಾ ಕೇಂದ್ರಕ್ಕೆ. ಅದರ ಹೆಸರು ಬೇಡ. ಎಸಿ ರೂಮು, ಗೋಡೆ ತುಂಬ ಕಾಲೇಜುಗಳ ಫೋಟೊ, ಕೂತ ತಕ್ಷಣ ಕಾಫಿ. ಸಲಹೆಗೆ ದುಡ್ಡಿಲ್ಲ ಅಂದರು. ತಂಗಿಯ ಎರಡೂ ಆಫರ್ ನೋಡಿ ಎರಡೇ ನಿಮಿಷದಲ್ಲಿ ಸ್ಕಾಲರ್‌ಶಿಪ್ ತಗೊಳ್ಳಿ ಅಂದರು. ರ‍್ಯಾಂಕೆಲ್ಲ ಸುಮ್ನೆ, ನೂರು ಪರ್ಸೆಂಟ್ ಪ್ಲೇಸ್‌ಮೆಂಟ್ ಇದೆ, ಸೀಟು ಇವತ್ತೇ ಬ್ಲಾಕ್ ಮಾಡಬೇಕು, ನಾಳೆ ಇರಲ್ಲ ಅಂದರು. ನಾನು ಹೆದರಿ ಅಲ್ಲೇ 25,000 ಫೋನಿನಿಂದ ಕಳಿಸಿದೆ. ತಂಗಿ ಏನೂ ಮಾತಾಡಲಿಲ್ಲ. ದಾರಿಯಲ್ಲಿ ಗಾಡಿ ಮೇಲೆ ಕೂತಾಗಲೂ ಮಾತಿಲ್ಲ. ಗುಂಡಿ ಸರ್ಕಲ್ ಹತ್ತಿರ ಬಂದಾಗ, "ಅಣ್ಣ, ಅವರು ನನಗೆ ಏನು ಓದಬೇಕು ಅಂತ ಒಂದು ಸಲನೂ ಕೇಳಲಿಲ್ಲ, ನೋಡಿದ್ಯಾ?" ಅಂದಳು.

ಆ ಮಾತು ನನಗೆ ತಟ್ಟಿತು. ನನ್ನ ಕೆಲಸದಲ್ಲೂ ಅದೇ ಅಲ್ವಾ? ನೀರು ಎಷ್ಟು ಆಳದಲ್ಲಿದೆ, ಎಷ್ಟು ಇಂಚು ಬರುತ್ತದೆ, ಎಷ್ಟು ದೂರಕ್ಕೆ ಪೈಪ್ ಎಳೆಯಬೇಕು ಅಂತ ಕೇಳದೆ ಇಷ್ಟು ಎಚ್‌ಪಿ ಮೋಟಾರು ತಗೊಳ್ಳಿ ಅನ್ನುವವನನ್ನು ನಾನೇ ನಂಬುವುದಿಲ್ಲ.

ಮೇಷ್ಟ್ರ ವಿಷಯ ತಿಳಿದದ್ದು ತಂಗಿ ಕೆಲಸ ಮಾಡುತ್ತಿದ್ದ ಆಡಿಟರ್ ಕಡೆಯಿಂದ. ಮೂವತ್ತು ವರ್ಷಕ್ಕೂ ಮೇಲೆ ಕಾಮರ್ಸ್ ಕಲಿಸಿ ನಿವೃತ್ತರಾದವರು. ವಿದ್ಯಾನಗರದಲ್ಲಿ ಮನೆ, ಮಹಡಿ ಮೇಲಿನ ಒಂದು ಕೋಣೆಯಲ್ಲಿ ಕೂರುತ್ತಾರೆ. ಬೋರ್ಡ್ ಇಲ್ಲ. ಹೆಸರು ಎಲ್ಲೂ ಹಾಕಬೇಡ ಅಂತ ನನಗೂ ಹೇಳಿದ್ದಾರೆ, ಅದಕ್ಕೆ ಹಾಕಿಲ್ಲ. ಬೆಳಿಗ್ಗೆ ಏಳರಿಂದ ಒಂಬತ್ತೂವರೆ ತನಕ ಮಾತ್ರ. 800 ರೂಪಾಯಿ ಒಂದೇ ಸಲ ಕೊಟ್ಟರೆ ಸಾಕು, ತೀರ್ಮಾನ ಆಗುವವರೆಗೆ ಎಷ್ಟು ಸಲ ಬೇಕಾದರೂ ಹೋಗಬಹುದು. ನಾವು ಐದು ಸಲ ಹೋದೆವು.

ಮೊದಲ ದಿನ ನಮಗಿಂತ ಮುಂಚೆ ಒಬ್ಬ ಹುಡುಗ ಕೂತಿದ್ದ. ಚೌಕಿಪೇಟೆಯಲ್ಲಿ ಅವರ ಮನೆಯವರದು ಕಿರಾಣಿ ಹೋಲ್‌ಸೇಲ್ ಅಂಗಡಿ. ಅವನದೂ ನಮ್ಮಂಥದೇ ಪ್ರಶ್ನೆ. ಓದು ಮುಗಿದ ಮೇಲೆ ಏನು ಮಾಡುತ್ತೀಯ ಅಂತ ಮೇಷ್ಟ್ರು ಕೇಳಿದರು. ಅಂಗಡಿಗೇ ಬರುತ್ತೇನೆ ಸರ್ ಅಂದ ಅವನು. "ಹಾಗಾದರೆ ಕಂಪನಿ ಬರುವ ಜಾಗಕ್ಕೆ ಯಾಕಪ್ಪಾ ದುಡ್ಡು ಹಾಕ್ತೀಯ? ಸ್ಕಾಲರ್‌ಶಿಪ್ ತಗೋ, ಉಳಿದ ದುಡ್ಡು ಅಂಗಡಿಗೆ ಹಾಕು" ಅಂದರು. ಹತ್ತು ನಿಮಿಷದಲ್ಲಿ ಮುಗಿಯಿತು. ಇವರೂ ಸ್ಕಾಲರ್‌ಶಿಪ್ ಅನ್ನುತ್ತಾರಲ್ಲ, ನಮಗೂ ಅದನ್ನೇ ಹೇಳಲಿ ಅಂತ ನಾನು ಒಳಗೊಳಗೇ ಆಸೆಪಟ್ಟೆ. ಸುಳ್ಳು ಯಾಕೆ ಹೇಳಲಿ.

ನಮಗೆ ಹತ್ತು ನಿಮಿಷದಲ್ಲಿ ಮುಗಿಯಲಿಲ್ಲ. ಅವರು ಮೊದಲು ಕೇಳಿದ್ದು ನನ್ನನ್ನಲ್ಲ, ತಂಗಿಯನ್ನು. "ಇಲ್ಲೇ ತೋಳಹುಣಸೆಯಲ್ಲಿ ದಾವಣಗೆರೆ ವಿಶ್ವವಿದ್ಯಾಲಯ ಇದೆ, ಪಿಜಿಸಿಇಟಿ ಪ್ರವೇಶ ಪರೀಕ್ಷೆ ಬರೆದರೆ ಅಲ್ಲೇ ಎಂಬಿಎ ಮಾಡಬಹುದು, ಖರ್ಚು ಎಷ್ಟೋ ಕಡಿಮೆ. ಅದು ಯಾಕೆ ಬೇಡ ನೋಡಮ್ಮಾ?" ತಂಗಿ ಸ್ವಲ್ಪ ಹೊತ್ತು ಯೋಚನೆ ಮಾಡಿ ಹೇಳಿದಳು. ಆಡಿಟರ್ ಆಫೀಸಿನಲ್ಲಿ ರೈಸ್‌ಮಿಲ್ಲುಗಳ, ಮೆಕ್ಕೆಜೋಳದ ವ್ಯಾಪಾರಿಗಳ ಲೆಕ್ಕ ಬರೆದಿದ್ದಾಳೆ. ಬ್ಯಾಂಕುಗಳು ಇವರಿಗೆ ಸಾಲ ಕೊಡುವಾಗ ಏನು ನೋಡುತ್ತವೆ, ಯಾಕೆ ಕೆಲವರಿಗೆ ಕೊಡುವುದಿಲ್ಲ ಅನ್ನುವುದು ಅವಳಿಗೆ ಬೇಕಿತ್ತು. ದೊಡ್ಡ ಬ್ಯಾಂಕಿನ ಕ್ರೆಡಿಟ್ ವಿಭಾಗದಲ್ಲಿ ಕೆಲಸ ಮಾಡಬೇಕು, ಅಂಥ ಕಂಪನಿಗಳು ಬರುವ ಕಡೆ ಓದಬೇಕು ಅಂದಳು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನನಗೆ ಈ ವಿಷಯ ಗೊತ್ತಿರಲಿಲ್ಲ. ಮೇಷ್ಟ್ರು ಅದನ್ನು ಒಂದು ಹಾಳೆಯ ಮೇಲೆ ಬರೆದು ಮೇಜಿನ ಮೇಲೆ ಇಟ್ಟರು. ಐದು ಸಲ ಹೋದಾಗಲೂ ಆ ಹಾಳೆ ಎದುರಿಗೇ ಇರುತ್ತಿತ್ತು.

ಆಮೇಲೆ ಸ್ಕಾಲರ್‌ಶಿಪ್ ಪತ್ರ ತೆಗೆಸಿದರು. ಪ್ರಿಂಟ್ ತಂದಿರಲಿಲ್ಲ, ಫೋನಿನಲ್ಲಿ ತೋರಿಸಿದೆ. ಓದುವುದಿಲ್ಲ, ಪ್ರಿಂಟ್ ತಗೊಂಡು ನಾಳೆ ಬಾ ಅಂದರು. ಅಂಗಡಿ ಬಾಗಿಲು ಹಾಕಿ ಬಂದವನಿಗೆ ಬೇಜಾರಾಯಿತು. ಮರುದಿನ ಗೊತ್ತಾಯಿತು ಯಾಕೆ ಅಂತ. ಕೆಂಪು ಪೆನ್ನು ಹಿಡಿದು ಒಂದೊಂದು ಸಾಲು ಓದಿಸಿದರು. ಎರಡನೇ ಪುಟದ ಕೆಳಗೆ, ಎರಡನೇ ವರ್ಷದ ಸ್ಕಾಲರ್‌ಶಿಪ್ ವಿದ್ಯಾರ್ಥಿಯ ತೃಪ್ತಿಕರ ಸಾಧನೆಯ ಮೇಲೆ ಅವಲಂಬಿಸಿರುತ್ತದೆ ಅಂತ ಇತ್ತು. "ತೃಪ್ತಿಕರ ಅಂದರೆ ಎಷ್ಟು? ಯಾರ ತೃಪ್ತಿ?" ಅಂತ ಕೇಳಿದರು. ನಮ್ಮಲ್ಲಿ ಉತ್ತರ ಇರಲಿಲ್ಲ.

ಅಲ್ಲೇ ಕೂರಿಸಿ ತಂಗಿಯಿಂದ ಆ ಸಂಸ್ಥೆಗೆ ಮೇಲ್ ಬರೆಸಿದರು. ಮೂರೇ ಪ್ರಶ್ನೆ. ಎರಡನೇ ವರ್ಷಕ್ಕೆ ಸ್ಕಾಲರ್‌ಶಿಪ್ ಮುಂದುವರಿಯಲು ಏನು ಬೇಕು? ಈ ವರ್ಷ ಎಷ್ಟು ಜನರಿಗೆ ಕೊಡುತ್ತಿದ್ದೀರಿ? ಹೋದ ಬ್ಯಾಚಿನಲ್ಲಿ ಎಷ್ಟು ಜನರಿಗೆ ಎರಡನೇ ವರ್ಷವೂ ಸಿಕ್ಕಿತು? ನಾಲ್ಕು ದಿನ ಉತ್ತರ ಬರಲಿಲ್ಲ. ಮತ್ತೆ ಬರೆಸಿದರು. ಮೊದಲ ಎರಡು ಪ್ರಶ್ನೆಗೆ ಉತ್ತರ ಬಂತು, ಮೂರನೆಯದಕ್ಕೆ ಬರಲಿಲ್ಲ. 180 ಜನರ ಬ್ಯಾಚಿನಲ್ಲಿ 70 ಜನರಿಗೆ ಸ್ಕಾಲರ್‌ಶಿಪ್. ಎರಡನೇ ವರ್ಷ ಮುಂದುವರಿಯಬೇಕಾದರೆ ಇಡೀ ಬ್ಯಾಚಿನ ಮೊದಲ 20 ಪರ್ಸೆಂಟ್ ಒಳಗೆ ಇರಬೇಕು.

ಮೇಷ್ಟ್ರು ತಂಗಿಗೆ ಲೆಕ್ಕ ಹಾಕು ಅಂದರು. 180ರಲ್ಲಿ 20 ಪರ್ಸೆಂಟ್ ಅಂದರೆ 36 ಜನ. ಸ್ಕಾಲರ್‌ಶಿಪ್ ಪಡೆದವರು 70. ಅಂದರೆ ಆ 36ರೊಳಗೆ ಸ್ಕಾಲರ್‌ಶಿಪ್‌ನವರೇ ತುಂಬಿಕೊಂಡರೂ ಅರ್ಧಕ್ಕರ್ಧ ಜನ ಕಳೆದುಕೊಳ್ಳುತ್ತಾರೆ. ಎಲ್ಲರೂ ಕಷ್ಟಪಟ್ಟು ಓದಿದರೂ ಅಷ್ಟೇ, ಯಾಕೆಂದರೆ ಮಿತಿ ಇರುವುದು ಅಂಕಕ್ಕಲ್ಲ, ಜನರ ಸಂಖ್ಯೆಗೆ. ಎರಡನೇ ವರ್ಷ ಸಿಗದಿದ್ದರೆ ಖರ್ಚು 6.84 ಲಕ್ಷ ಅಲ್ಲ, 9.72 ಲಕ್ಷ. 11 ಲಕ್ಷದ ವ್ಯತ್ಯಾಸ 8 ಲಕ್ಷಕ್ಕೆ ಇಳಿಯಿತು. ಈ ಒಂದು ಲೆಕ್ಕಕ್ಕೇ 800 ರೂಪಾಯಿ ಕೊಡಬಹುದು ಅಂತ ನನ್ನ ಅಭಿಪ್ರಾಯ. ಬಿಟ್ಟಿ ಸಲಹೆ ಕೊಟ್ಟ ಆಫೀಸಿನವರು ಆ ಎರಡನೇ ಪುಟ ತಿರುವಿ ಕೂಡ ನೋಡಿರಲಿಲ್ಲ. ಆಮೇಲೆ ನಾನೇ ಫೋನ್ ಮಾಡಿ, ನಿಮಗೆ ದುಡ್ಡು ಎಲ್ಲಿಂದ ಬರುತ್ತದೆ ಅಂತ ನೇರವಾಗಿ ಕೇಳಿದೆ. ಸೀಟು ಆದರೆ ಕಾಲೇಜಿನವರು ಕೊಡುತ್ತಾರೆ ಅಂದರು. ಅದನ್ನು ಮೊದಲೇ ಕೇಳಬೇಕಿತ್ತು.

ಹಾಗಂತ ಮೇಷ್ಟ್ರು ರ‍್ಯಾಂಕಿನ ಕಡೆ ವಾಲಿದರು ಅಂದುಕೊಳ್ಳಬೇಡಿ. ಮೂರನೇ ಸಲ ಹೋದಾಗ ಅದನ್ನೂ ಬಿಚ್ಚಿ ಹರಡಿದರು. ಎನ್‌ಐಆರ್‌ಎಫ್ ಅನ್ನುವುದು ಕೇಂದ್ರ ಶಿಕ್ಷಣ ಸಚಿವಾಲಯದ ಪಟ್ಟಿ, 2016ರಿಂದ ಬರುತ್ತಿದೆ. ನೂರು ಅಂಕದಲ್ಲಿ ಬೋಧನೆ ಮತ್ತು ಸೌಲಭ್ಯಕ್ಕೆ 30, ಸಂಶೋಧನೆಗೆ 30. ಓದಿ ಹೊರಬಂದವರು ಏನಾದರು ಅನ್ನುವುದಕ್ಕೆ 20. ಹೆಣ್ಣುಮಕ್ಕಳು, ಹೊರರಾಜ್ಯದವರು, ಬಡವರು ಎಷ್ಟು ಜನ ಇದ್ದಾರೆ ಅನ್ನುವುದಕ್ಕೆ 10. ಜನ ಆ ಸಂಸ್ಥೆಯ ಬಗ್ಗೆ ಏನು ಅಂದುಕೊಂಡಿದ್ದಾರೆ ಅನ್ನುವುದಕ್ಕೆ 10. "ಪ್ರೊಫೆಸರುಗಳು ಎಷ್ಟು ಪ್ರಬಂಧ ಬರೆದರು ಅನ್ನುವುದು ನಿನ್ನ ಕೆಲಸಕ್ಕೆ ನೇರವಾಗಿ ಬರಲ್ಲಮ್ಮಾ, ಈ 20 ಅಂಕದ ಭಾಗ ನೋಡು" ಅಂದರು.

ಇನ್ನೊಂದು ಮಾತೂ ಹೇಳಿದರು. 2024ರ ಪಟ್ಟಿಯಲ್ಲಿ ಐಐಎಂ ಅಹಮದಾಬಾದ್ 1, ಬೆಂಗಳೂರು 2. ಅಂಥ ಕಡೆ ಸೀಟು ಸಿಕ್ಕಿದ್ದರೆ ನಿಮ್ಮನ್ನು ಇಷ್ಟು ಹೊತ್ತು ಕೂರಿಸುತ್ತಿರಲಿಲ್ಲ, ಸಾಲ ಮಾಡಿ ಕಳಿಸು ಅನ್ನುತ್ತಿದ್ದೆ. ಮೇಲಿನ ಹತ್ತರಲ್ಲಿ ಅಂಕಗಳ ಅಂತರ ಜಾಸ್ತಿ, ಕೆಳಗೆ ಹೋದಂತೆ ಒತ್ತೊತ್ತಾಗಿ ಇರುತ್ತವೆ. 45ಕ್ಕೂ 60ಕ್ಕೂ ನಡುವೆ ಆಯ್ಕೆ ಇದ್ದರೆ ರ‍್ಯಾಂಕು ನೋಡಲೇಬೇಡ, ಕಡಿಮೆ ಖರ್ಚಿನ ಕಡೆ ಹೋಗು. ಐವತ್ತರ ಒಳಗಿನದಕ್ಕೂ ನೂರರ ಆಚೆಯದಕ್ಕೂ ಅಂತಾದರೆ ಆಗ ಕೂತು ನೋಡಬೇಕು ಅಂದರು.

ಕೂತು ನೋಡುವುದು ಹೇಗೆ ಅಂತಲೂ ತೋರಿಸಿದರು. ಎನ್‌ಐಆರ್‌ಎಫ್‌ಗೆ ಸೇರುವ ಸಂಸ್ಥೆಗಳು ತಾವು ಕೊಟ್ಟ ಮಾಹಿತಿಯನ್ನು ತಮ್ಮ ವೆಬ್‌ಸೈಟಿನಲ್ಲಿ ಹಾಕಬೇಕು. ಅದರಲ್ಲಿ ಆ ವರ್ಷ ಎಷ್ಟು ಜನ ಪಾಸಾದರು, ಎಷ್ಟು ಜನರಿಗೆ ಕೆಲಸ ಸಿಕ್ಕಿತು, ಮೀಡಿಯನ್ ಸಂಬಳ ಎಷ್ಟು ಅಂತ ಇರುತ್ತದೆ. ಜಾಹೀರಾತಿನಲ್ಲಿ ಬರುವುದು ಗರಿಷ್ಠ ಸಂಬಳ, ಇಲ್ಲವೇ ಸರಾಸರಿ. ಮೀಡಿಯನ್ ಅಂದರೆ ಏನು ಅಂತ ನನಗೆ ಗೊತ್ತಾಗಲಿಲ್ಲ. ನಿನ್ನ ಅಂಗಡಿಯ ಐದು ಬಿಲ್ ಹೇಳು ಅಂದರು. ಹಿಂದಿನ ದಿನದ್ದು ಹೇಳಿದೆ: 400, 500, 600, 700, ಮತ್ತೆ ಒಂದು ಸಬ್‌ಮರ್ಸಿಬಲ್ ಪೂರ್ತಿ ಮಾಡಿದ್ದು 18,000. ಸರಾಸರಿ ತೆಗೆದರೆ 4,040 ಬರುತ್ತದೆ. ಆದರೆ ಅಂಗಡಿಗೆ ಬಂದ ಯಾರೂ 4,040 ಕೊಟ್ಟಿಲ್ಲ. ಸಾಲಾಗಿ ಜೋಡಿಸಿ ನಡುವಿನದು ನೋಡಿದರೆ 600. ಅದೇ ಮೀಡಿಯನ್. ಇಷ್ಟು ಚೆನ್ನಾಗಿ ನನಗೆ ಶಾಲೆಯಲ್ಲೂ ಯಾರೂ ಹೇಳಿಕೊಟ್ಟಿರಲಿಲ್ಲ.

ತಂಗಿ ಎರಡೂ ಕಡೆಯದನ್ನು ಹುಡುಕಿ ತೆಗೆದಳು. ನೂರು ಪರ್ಸೆಂಟ್ ಪ್ಲೇಸ್‌ಮೆಂಟ್ ಅಂತ ಗೋಡೆ ಮೇಲೆ ಹಾಕಿದ್ದ ಸಂಸ್ಥೆ ತಾನೇ ಕೊಟ್ಟ ಮಾಹಿತಿಯಲ್ಲಿ ಪಾಸಾದ 171 ಜನರಲ್ಲಿ ಕೆಲಸ ಸಿಕ್ಕಿದ್ದು 118 ಜನರಿಗೆ. ಮೀಡಿಯನ್ ಸಂಬಳ ವರ್ಷಕ್ಕೆ 5.6 ಲಕ್ಷ. ಬೆಂಗಳೂರಿನದರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಸಿಕ್ಕಿತ್ತು, ಮೀಡಿಯನ್ 10.5 ಲಕ್ಷ. ಮೇಷ್ಟ್ರು ಅಲ್ಲಿಗೂ ಬಿಡಲಿಲ್ಲ. ಎರಡೂ ಕಡೆ ಓದಿದ ಐದೈದು ಜನರಿಗೆ ನೀನೇ ಫೋನ್ ಮಾಡು, ಕಾಲೇಜು ಕೊಟ್ಟ ನಂಬರ್ ಬೇಡ, ನೀನೇ ಹುಡುಕು ಅಂದರು. ಅವಳು ಒಂದು ವಾರ ರಾತ್ರಿ ಊಟ ಆದ ಮೇಲೆ ಅದೇ ಕೆಲಸ ಮಾಡಿದಳು. ಸ್ಕಾಲರ್‌ಶಿಪ್ ಕಡೆಯವರಲ್ಲಿ ಮಾತಿಗೆ ಸಿಕ್ಕ ಮೂವರಲ್ಲಿ ಇಬ್ಬರು ವಿಮೆ ಮಾರುವ ಕೆಲಸದಲ್ಲಿದ್ದರು. ಮೂರನೆಯವಳಿಗೆ ಸ್ಕಾಲರ್‌ಶಿಪ್ ಎರಡನೇ ವರ್ಷ ತಪ್ಪಿತ್ತು, ಅವರಪ್ಪ ಮಧ್ಯದಲ್ಲಿ ಸಾಲಕ್ಕೆ ಓಡಾಡಿದ್ದರಂತೆ. ಬೆಂಗಳೂರಿನವರಲ್ಲಿ ನಾಲ್ವರು ಸಿಕ್ಕರು, ಒಬ್ಬರು ಬ್ಯಾಂಕಿನ ಕ್ರೆಡಿಟ್ ವಿಭಾಗದಲ್ಲೇ ಇದ್ದರು. ಅವರು ತಂಗಿ ಜೊತೆ ಮುಕ್ಕಾಲು ಗಂಟೆ ಮಾತಾಡಿದರು. ಫೋನ್ ಇಟ್ಟ ಮೇಲೆ ಅವಳ ಮುಖ ನೋಡಿ ನನಗೆ ಎಲ್ಲ ಗೊತ್ತಾಯಿತು.

ಆದರೆ ದುಡ್ಡು ಎಲ್ಲಿಂದ? ನಮ್ಮ ಕೈಯಲ್ಲಿ ಇದ್ದದ್ದು 3.7 ಲಕ್ಷ. ಬೆಂಗಳೂರಿಗೆ 14 ಲಕ್ಷ ಸಾಲ ಬೇಕು. ನಾನು ಮೊದಲು ಹೋದ ಬ್ಯಾಂಕಿನಲ್ಲಿ 7.5 ಲಕ್ಷ ದಾಟಿದರೆ ಆಸ್ತಿ ಅಡ ಇಡಬೇಕು ಅಂದರು. ಅಪ್ಪನ ಜಮೀನಿನ ಪಹಣಿ ತೋರಿಸಿದೆ. ಕೃಷಿ ಜಮೀನು ಬೇಡ ಅಂದರು. ಸಾಲ ಕಟ್ಟದಿದ್ದರೆ ಬ್ಯಾಂಕು ಆಸ್ತಿ ವಶಕ್ಕೆ ತೆಗೆದುಕೊಳ್ಳುವ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯ ಆಗುವುದಿಲ್ಲ, ಅದಕ್ಕೆ ಅವರಿಗೆ ಸೈಟೇ ಬೇಕು. ಹಾಗಾಗಿ ಶಾಮನೂರು ಸೈಟಿನ ಪತ್ರ ಕೇಳಿದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇಲ್ಲಿ ಮೇಷ್ಟ್ರು ಮಾಡಿದ ಸಹಾಯ ನಾನು ಮರೆಯುವುದಿಲ್ಲ. ಪಿಎಂ ವಿದ್ಯಾಲಕ್ಷ್ಮಿ ಅಂತ ಒಂದು ಯೋಜನೆ ಇದೆ, ಕೇಂದ್ರ ಸಂಪುಟ 2024ರ ನವೆಂಬರ್‌ನಲ್ಲಿ ಒಪ್ಪಿದ್ದು. ಎನ್‌ಐಆರ್‌ಎಫ್‌ನ ಯಾವುದಾದರೂ ಪಟ್ಟಿಯಲ್ಲಿ ಮೊದಲ ನೂರರೊಳಗೆ ಇರುವ ಸಂಸ್ಥೆಯಲ್ಲಿ ಮೆರಿಟ್ ಮೇಲೆ ಸೀಟು ಸಿಕ್ಕಿದರೆ ಅಡ ಇಲ್ಲದೆ, ಜಾಮೀನು ಇಲ್ಲದೆ ಸಾಲ ಕೊಡಬೇಕು. ಮನೆಯ ವರ್ಷದ ಆದಾಯ 8 ಲಕ್ಷದ ಒಳಗಿದ್ದರೆ, 10 ಲಕ್ಷದವರೆಗಿನ ಸಾಲಕ್ಕೆ ಓದುವ ಅವಧಿ ಮತ್ತು ನಂತರದ ಒಂದು ವರ್ಷ ಬಡ್ಡಿಯಲ್ಲಿ 3 ಪರ್ಸೆಂಟ್ ಸರ್ಕಾರ ಕಟ್ಟುವ ಸೌಲಭ್ಯವೂ ಇದೆ, ಆದರೆ ವರ್ಷಕ್ಕೆ ಒಂದು ಲಕ್ಷ ವಿದ್ಯಾರ್ಥಿಗಳಿಗೆ ಮಾತ್ರ. ಅಂದರೆ ರ‍್ಯಾಂಕು ಬರೀ ಹೆಸರಿಗಲ್ಲ, ಸಾಲದ ದಾರಿಯನ್ನೇ ಬದಲಾಯಿಸುತ್ತದೆ. ನೂರರ ಆಚೆಯ ಆ ಖಾಸಗಿ ಸಂಸ್ಥೆಗೆ ಈ ಯೋಜನೆಯೇ ಇಲ್ಲ. ಅದನ್ನು ನಮಗೆ ಯಾವ ಕೌಂಟರಿನಲ್ಲೂ ಯಾರೂ ಹೇಳಿರಲಿಲ್ಲ. ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಬೇರೆ ಬ್ಯಾಂಕಿನ ಶಾಖೆ ಆರಿಸಿದೆವು. ಸೈಟು ಉಳಿಯಿತು.

ಮಂಜೂರು ಆಗುವ ಮುಂಚೆ ಮೇಷ್ಟ್ರು ಕಂತಿನ ಲೆಕ್ಕ ಹಾಕಿಸಿದರು. ಬಡ್ಡಿ 10.5 ಪರ್ಸೆಂಟ್, ಹತ್ತು ವರ್ಷ ಅಂತ ಇಟ್ಟುಕೊಂಡರೆ 14 ಲಕ್ಷಕ್ಕೆ ತಿಂಗಳಿಗೆ 18,890. ಕೋರ್ಸ್ ಮುಗಿದು ಒಂದು ವರ್ಷದ ತನಕ ಕಂತು ಇಲ್ಲ ಅಂತ ಎಲ್ಲರೂ ಖುಷಿಪಡುತ್ತಾರೆ. ಆದರೆ ಆ ಮೂರು ವರ್ಷ ಬಡ್ಡಿ ಓಡುತ್ತಲೇ ಇರುತ್ತದೆ. ಸಾಲ ವರ್ಷಕ್ಕೆ 7 ಲಕ್ಷದಂತೆ ಎರಡು ಸಲಕ್ಕೆ ಬರುತ್ತದೆ, ಬಡ್ಡಿ ಕಟ್ಟದೆ ಬಿಟ್ಟರೆ ಸುಮಾರು 3.67 ಲಕ್ಷ ಸಾಲಕ್ಕೆ ಸೇರಿ, ಕಂತು 23,850 ಆಗುತ್ತದೆ. ಆ ಅವಧಿಯಲ್ಲಿ ಬಡ್ಡಿಯನ್ನಾದರೂ ಕಟ್ಟುತ್ತಾ ಹೋಗು ಅಂದರು. ಸ್ಕಾಲರ್‌ಶಿಪ್ ಕಡೆ ಎರಡನೇ ವರ್ಷ ತಪ್ಪಿದರೆ ಸಾಲ 6.02 ಲಕ್ಷ, ಕಂತು 8,120.

ಆಮೇಲೆ ಅವರು ಕೇಳಿದ್ದು ಬೇರೆ. ಸಾಲಕ್ಕೆ ಸಾಲ ಹೋಲಿಸಬೇಡಿ, ಕಂತು ಕಟ್ಟಿದ ಮೇಲೆ ಅವಳ ಕೈಯಲ್ಲಿ ಎಷ್ಟು ಉಳಿಯುತ್ತದೆ ನೋಡಿ ಅಂದರು. ಬೆಂಗಳೂರಿನ ಮೀಡಿಯನ್ ಸಂಬಳ ಬಂದರೆ ಕೈಗೆ ತಿಂಗಳಿಗೆ 70,000 ಹತ್ತಿರ, ಕಂತು ಕಳೆದರೆ 51,000 ಉಳಿಯುತ್ತದೆ. ಇನ್ನೊಂದು ಕಡೆ ಕೈಗೆ 40,000, ಕಂತು ಕಳೆದರೆ 32,000. ನಾನು ಇಷ್ಟಕ್ಕೇ ಸಮಾಧಾನ ಮಾಡಿಕೊಂಡೆ. ಅವರು ಬಿಡಲಿಲ್ಲ. ಮೀಡಿಯನ್ ಅಂದರೆ ಅರ್ಧ ಜನ ಅದಕ್ಕಿಂತ ಕೆಳಗೆ ಇರುತ್ತಾರೆ ಅಲ್ವಾ, ಇವಳು ಕೆಳಗಿನ ಅರ್ಧದಲ್ಲಿದ್ದರೆ? ವರ್ಷಕ್ಕೆ 7 ಲಕ್ಷ ಅಂತ ಹಾಕಿಸಿದರು. ಕೈಗೆ 50,000, ಕಂತು ಕಳೆದರೆ 31,000. ಅಂದರೆ ಅಲ್ಲಿ ಕೆಳಗಿನ ಸಾಲಿನಲ್ಲಿ ಉಳಿದರೂ ಇಲ್ಲಿ ನಡುವಿನಲ್ಲಿ ನಿಂತಷ್ಟೇ ಉಳಿಯುತ್ತದೆ.

"ಇನ್ನು ಕೊನೆಯದು, ನಿನಗೆ" ಅಂತ ನನ್ನ ಕಡೆ ತಿರುಗಿದರು. "ಆರು ತಿಂಗಳು ಇವಳಿಗೆ ಕೆಲಸವೇ ಸಿಗದಿದ್ದರೆ 18,890 ನಿನ್ನ ಅಂಗಡಿ ಕಟ್ಟಬಲ್ಲದಾ?"

ನಾನು ತಕ್ಷಣ ಹೂಂ ಅನ್ನಲಿಲ್ಲ. ನನ್ನ ಅಂಗಡಿಗೆ ಫೆಬ್ರವರಿಯಿಂದ ಮೇ ತನಕ ಕೆಲಸ ಜಾಸ್ತಿ, ಮೋಟಾರುಗಳು ಸುಟ್ಟುಕೊಂಡು ಬರುತ್ತವೆ. ಮಳೆ ಹಿಡಿದರೆ ಎರಡು ಮೂರು ತಿಂಗಳು ಬಾಡಿಗೆ, ಹುಡುಗನ ಸಂಬಳ ಕಳೆದು ಏನೂ ಉಳಿಯುವುದಿಲ್ಲ. ಯೋಚನೆ ಮಾಡಿ ಬಾ, ಅವಳ ಎದುರಿಗೆ ಹೇಳಬೇಡ, ಅವಳಿಗೆ ಭಾರ ಆಗುತ್ತದೆ ಅಂದರು. ಆ ಸೂಕ್ಷ್ಮ ನನಗೆ ತುಂಬ ಇಷ್ಟವಾಯಿತು. ಎರಡು ದಿನ ಬಿಟ್ಟು ಒಬ್ಬನೇ ಹೋಗಿ, ಬೇಸಿಗೆಯ ದುಡಿಮೆಯಲ್ಲಿ ಒಂದು ಲಕ್ಷ ಎತ್ತಿಟ್ಟರೆ ಐದು ತಿಂಗಳು ತಡೆಯುತ್ತೇನೆ ಸರ್ ಅಂತ ಹೇಳಿದೆ. ಹಾಗಾದರೆ ಕಳಿಸು ಅಂದರು. ಅವರ ಬಾಯಿಂದ ಬಂದ ತೀರ್ಮಾನದ ಮಾತು ಅದೊಂದೇ.

ಅವ್ವನಿಗೆ ಮಂಡಿನೋವು, ಆ ಮಹಡಿ ಮೆಟ್ಟಿಲು ಹತ್ತಲು ಆಗಲಿಲ್ಲ. ಐದನೇ ಸಲ ಅವ್ವನನ್ನೂ ಕರೆದುಕೊಂಡು ಹೋಗಿದ್ದೆವು. ಮೇಷ್ಟ್ರು ತಾವೇ ಇಳಿದು ಬಂದು ಕೆಳಗಿನ ಜಗಲಿ ಮೇಲೆ ಕೂತು ಎಲ್ಲವನ್ನೂ ಮತ್ತೆ ಮೊದಲಿನಿಂದ ಹೇಳಿದರು. ಹಾಸ್ಟೆಲ್ಲಿನ ಗೇಟು ರಾತ್ರಿ ಎಷ್ಟಕ್ಕೆ ಹಾಕುತ್ತಾರೆ ಅಂತ ಅವ್ವ ಕೇಳಿದಳು. ಅದು ನಮ್ಮ ಯಾರ ಪಟ್ಟಿಯಲ್ಲೂ ಇರಲಿಲ್ಲ. ಮೇಷ್ಟ್ರು ಅದನ್ನೂ ಬರೆದುಕೊಂಡು, ತಂಗಿಗೆ ವಿಚಾರಿಸಿ ಹೇಳಮ್ಮಾ ಅಂದರು.

ಸೀಟು ಬ್ಲಾಕ್ ಮಾಡಲು ಕಟ್ಟಿದ 25,000 ವಾಪಸ್ ತರಿಸಿಕೊಂಡದ್ದೂ ಅವರಿಂದಲೇ. ಫೋನ್ ಮಾಡಿದಾಗ ಅದು ವಾಪಸ್ ಬರಲ್ಲ ಅಂದಿದ್ದರು. ಮ್ಯಾನೇಜ್‌ಮೆಂಟ್ ಮತ್ತು ತಾಂತ್ರಿಕ ಕಾಲೇಜುಗಳನ್ನು ನೋಡಿಕೊಳ್ಳುವ ಎಐಸಿಟಿಇ ಅನ್ನುವ ಕೇಂದ್ರ ಸಂಸ್ಥೆಯ ನಿಯಮದ ಪ್ರಕಾರ ಕೋರ್ಸ್ ಶುರುವಾಗುವ ಮುಂಚೆ ಬಿಟ್ಟರೆ 1,000 ರೂಪಾಯಿ ಮೀರದಷ್ಟು ಮಾತ್ರ ಹಿಡಿದುಕೊಂಡು ಉಳಿದದ್ದನ್ನು ಕೊಡಬೇಕು. ಆ ಸಾಲನ್ನು ಹಾಕಿ ಮೇಲ್ ಬರೆಸಿದರು. ಮೂರು ವಾರ ಬಿಟ್ಟು 24,000 ಖಾತೆಗೆ ಬಂತು.

ಕೊರತೆಗಳನ್ನೂ ಹೇಳಬೇಕು. ಬೆಳಿಗ್ಗೆ ಮಾತ್ರ ಸಿಗುತ್ತಾರೆ, ಅಂಗಡಿ ಇಟ್ಟವರಿಗೆ ಕಷ್ಟ. ಫೋನ್ ಎತ್ತುವುದಿಲ್ಲ, ವಾಟ್ಸಾಪ್ ಇಲ್ಲ. ಹೊರದೇಶದ ಓದಿನ ಬಗ್ಗೆ ನನಗೆ ಗೊತ್ತಿಲ್ಲ ಅಂತ ಮೊದಲೇ ಹೇಳಿಬಿಡುತ್ತಾರೆ, ಹಾಗಾಗಿ ಅದಕ್ಕೆ ಅವರ ಹತ್ತಿರ ಹೋಗಬೇಡಿ. ಸಾಲ ಎರಡು ವಾರದಲ್ಲಿ ಆಗುತ್ತದೆ ಅಂದಿದ್ದರು, ಏಳು ವಾರ ಹಿಡಿಯಿತು. ಮೊದಲ ಕಂತಿನ ಶುಲ್ಕ ಕಟ್ಟುವ ದಿನ ಹತ್ತಿರ ಬಂದು, ನಾನು ಸಂಬಂಧಿಕರ ಹತ್ತಿರ ಕೈಗಡ ತರಬೇಕಾಯಿತು. ಆ ಲೆಕ್ಕ ಅವರದು ತಪ್ಪಿತು. ಸಾಲಕ್ಕೆ ಕನಿಷ್ಠ ಎರಡು ತಿಂಗಳು ಮುಂಚೆ ಅರ್ಜಿ ಹಾಕಿ. ಆಗಿನ ಆದಾಯ ತೆರಿಗೆ ಕಾಯ್ದೆಯ 80ಇ ಸೆಕ್ಷನ್ ಅಡಿ ಬಡ್ಡಿಗೆ ತೆರಿಗೆ ವಿನಾಯಿತಿ ಇದೆ ಅಂತ ಹೇಳಿದರು, ಆದರೆ ಅದು ಅಣ್ಣನಿಗೆ ಸಿಗುವುದಿಲ್ಲ ಅನ್ನುವುದು ನಮಗೆ ಆಡಿಟರ್ ಹೇಳಿದ ಮೇಲೆ ಗೊತ್ತಾದದ್ದು. ಓದುವವರಿಗೆ, ಅವರ ಗಂಡ ಅಥವಾ ಹೆಂಡತಿಗೆ, ತಂದೆ ತಾಯಿಗೆ, ಕಾನೂನು ಪ್ರಕಾರದ ಪೋಷಕರಿಗೆ ಮಾತ್ರ, ಅದೂ ಹಳೇ ತೆರಿಗೆ ಪದ್ಧತಿಯಲ್ಲಿ.

ತಂಗಿ ಈಗ ಬೆಂಗಳೂರಿನಲ್ಲಿ ಓದುತ್ತಿದ್ದಾಳೆ. ಬ್ಯಾಂಕಿನಿಂದ ಮೊದಲ ಕಂತಾಗಿ 7 ಲಕ್ಷ ಹೋಗಿದೆ. ಅದರ ಬಡ್ಡಿ ತಿಂಗಳಿಗೆ 6,125, ಪ್ರತಿ ತಿಂಗಳು ಐದನೇ ತಾರೀಖು ಕಟ್ಟುತ್ತಿದ್ದೇನೆ. ಎರಡನೇ ವರ್ಷ ಪೂರ್ತಿ ಹೋದ ಮೇಲೆ 12,250 ಆಗುತ್ತದೆ. 3 ಪರ್ಸೆಂಟ್ ಬಡ್ಡಿ ಸೌಲಭ್ಯಕ್ಕೆ ಅರ್ಜಿ ಹಾಕಿದ್ದೇವೆ, ಇನ್ನೂ ಬಂದಿಲ್ಲ. ಅವಳಿಗೆ ಮೊದಲೆರಡು ತಿಂಗಳು ಕಷ್ಟವಾಯಿತು, ಇಂಗ್ಲಿಷಿನಲ್ಲಿ ಎದ್ದು ನಿಂತು ಮಾತಾಡಲು ಹೆದರಿ ಅಳುತ್ತಾ ಫೋನ್ ಮಾಡಿದ್ದಳು. ದೀಪಾವಳಿಗೆ ಬಂದಾಗ ನನ್ನ ಅಂಗಡಿಯ ಲೆಕ್ಕದ ಪುಸ್ತಕ ತೆಗೆದು, ಯಾರಿಗೆ ಎಷ್ಟು ದಿನದ ಉದ್ದರಿ ಕೊಟ್ಟಿದ್ದೇನೆ ಅಂತ ಪಟ್ಟಿ ಮಾಡಿದಳು. 1.4 ಲಕ್ಷ ಹೊರಗೆ ಉಳಿದಿತ್ತು. ಅದರಲ್ಲಿ 52,000 ಆ ವಾರವೇ ವಸೂಲಾಯಿತು.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅವರಲ್ಲಿಗೆ ಹೋಗುವವರು ಆಫರ್ ಪತ್ರದ ಎಲ್ಲಾ ಪುಟಗಳ ಪ್ರಿಂಟ್ ತಗೊಂಡು ಹೋಗಿ, ಶುಲ್ಕದ ವಿವರ ಬೇರೆ ಹಾಳೆಯಲ್ಲಿ ಇರಲಿ. ಓದುವ ಮಗು ಜೊತೆಗೇ ಇರಬೇಕು, ಬರೀ ಅಪ್ಪ ಅಮ್ಮ ಹೋದರೆ ಮಾತಾಡುವುದಿಲ್ಲ. ಏಪ್ರಿಲ್ ಮೇನಲ್ಲಿ ಜನ ಜಾಸ್ತಿ, ಆರೂಮುಕ್ಕಾಲಿಗೇ ಗೇಟಿನ ಹತ್ತಿರ ನಿಂತರೆ ಎಂಟರೊಳಗೆ ನಿಮ್ಮ ಸರದಿ ಬರುತ್ತದೆ.